ಸೋರುವ ಸ್ವರ

“ಇದು ನಮ್ಮವರ ಸ್ಯಾಕ್ಸೊಫೋನ್ ಅಲ್ಲ,” ಎಂದಳು ಅವಳು.

ರಿಪೇರಿಯವನು ವಾದ್ಯವನ್ನು ತುಟಿಯಿಂದ ಇಳಿಸಿದ. “ನೀವೇ ತಂದುಕೊಟ್ಟಿದ್ದು ಮೇಡಂ. ನಿಮ್ಮನ್ನ ಯಾಮಾರಿಸೋಕೆ ನನಗೇನು ತಲೆ ಕೆಟ್ಟಿದೆಯಾ?”

“ಅವರು ಊದಿದ್ರೆ ನಡುವಿನ ಒಂದು ಸ್ವರದಲ್ಲಿ ಉಸಿರು ಕೇಳಿಸ್ತಿತ್ತು. ಯಾರೋ ಕಿವಿ ಹತ್ತಿರ ಬಂದು ಮಾತಾಡೋಕೆ ಬಾಯಿ ತೆರೆದ ಹಾಗೆ. ಅದೆಲ್ಲಿ?”

ಅವನ ಮುಖ ಸಪ್ಪಗಾಯಿತು. ರಿಪೇರಿಗೆ ಬಂದ ಪ್ರತಿ ವಾದ್ಯದೊಳಗೂ ಸಣ್ಣ ದೀಪ ಇಳಿಸಿ ನೋಡುವುದು ಅವನ ಪದ್ಧತಿಯಂತೆ. ಬೆಳಕು ಸೋರಿದ ಕಡೆ ಉಸಿರೂ ಸೋರುತ್ತದೆ. ಇದರಲ್ಲಿ ಸ್ವರದ ತೂತೊಂದನ್ನು ಮುಚ್ಚುವ ಚರ್ಮದ ಪ್ಯಾಡ್ ಸವೆದಿತ್ತು.

“ಹೊಸದು ಹಾಕಿದೆ,” ಎಂದ. “ಅದು ನಿಮ್ಮವರ ದನಿ ಅಂತ ನನಗೆ ಹೇಗೆ ಗೊತ್ತಾಗಬೇಕು?”

ಅವಳು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಅತ್ತುಬಿಟ್ಟಳು. ಗಂಡ ತೀರಿಕೊಂಡಾಗಲೂ ಹೀಗೆ ಅತ್ತಿರಲಿಲ್ಲ. ಆಗ ಅತ್ತೆಯನ್ನು ಸಂಭಾಳಿಸುವುದರಲ್ಲೇ ಅವಳ ಕಣ್ಣೀರು ಇಂಗಿಹೋಗಿತ್ತು.

ಅವಳು ರೇಡಿಯೊದವಳು. ಕೇಳಲೇಬೇಕಾದ ಸ್ಯಾಕ್ಸೊಫೋನ್ ವಾದಕರ ಬಗ್ಗೆ ವಾರವಾರ ಕಾರ್ಯಕ್ರಮ ನಡೆಸುತ್ತಿದ್ದಳು. ಕೊನೆಯ ಕಂತು ಗಂಡನಿಗೆಂದು ಎತ್ತಿಟ್ಟಿದ್ದಳು. ಹೋಟೆಲಿನ ಊಟದ ಹಾಲ್‌ನಲ್ಲಿ ಚಮಚಗಳ ಸದ್ದಿನ ನಡುವೆ ಊದುತ್ತಲೇ ಅವನ ಆಯುಷ್ಯ ಮುಗಿದಿತ್ತು. ಒಂದು ರೆಕಾರ್ಡಿಂಗೂ ಉಳಿದಿರಲಿಲ್ಲ. “ಪೆಟ್ಟಿಗೆಯೊಳಗೆ ಅದು ಮುಲುಗುತ್ತೆ ಕಣಮ್ಮ, ನನಗೆ ಕೇಳುತ್ತೆ,” ಎಂದು ಅತ್ತೆ ಹೇಳಿದ ಮೇಲೆಯೇ ಅವಳು ವಾದ್ಯವನ್ನು ಹೊರತೆಗೆದು, ಯಾರಿಂದಲಾದರೂ ಊದಿಸಿ ಕೊನೆಯ ಕಂತಿಗೆ ಬಳಸೋಣವೆಂದು ರಿಪೇರಿಗೆ ತಂದದ್ದು. ಅತ್ತೆಗೆ ಅರಳುಮರಳು ಎಂದು ಸುಮ್ಮನಾಗಬಹುದಿತ್ತು. ಆದರೆ ಆ ಮುಲುಗು ಅವಳಿಗೂ ಕೇಳುತ್ತಿತ್ತು.

“ಹಳೇ ಪ್ಯಾಡ್ ಇನ್ನೂ ಇದೆ,” ಎಂದ ರಿಪೇರಿಯವನು. “ವಾಪಸ್ ಕೂರಿಸ್ತೀನಿ. ಆದ್ರೆ ಎಷ್ಟು ಸೋರಬೇಕು ಅಂತ ನೀವೇ ಪಕ್ಕದಲ್ಲಿ ಕೂತು ಹೇಳಬೇಕು. ನನ್ನ ಜನ್ಮದಲ್ಲಿ ಲೀಕ್ ಮುಚ್ಚಿದ್ದೀನೇ ಹೊರತು ಮಾಡಿಕೊಟ್ಟಿಲ್ಲ.”

ಹಾಗೆ ಅವಳು ಕೆಲಸ ಮುಗಿಸಿ ಸಂಜೆ ಸಂಜೆ ಬರತೊಡಗಿದಳು. ಅವನು ಪ್ಯಾಡ್ ಸರಿಸುವಾಗ ಅವಳು ತನ್ನ ಕಾರ್ಯಕ್ರಮದ ವಾದಕರನ್ನು ಫೋನಿನಲ್ಲಿ ಕೇಳಿಸುತ್ತಿದ್ದಳು. ಒಬ್ಬ ಜ್ಯಾಜ್ ಮುದುಕ. ದಾರಿ ತಪ್ಪಿದ ಎನ್ನುವಷ್ಟರಲ್ಲಿ ಮನೆ ಬಾಗಿಲಿಗೇ ಬಂದು ನಿಲ್ಲುವವನು. ಒಬ್ಬಳು ಶಾಸ್ತ್ರೀಯ ವಾದಕಿ. ಸ್ವರದಿಂದ ಸ್ವರಕ್ಕೆ ಜಾರುವಾಗ ಎಲ್ಲಿ ಉಸಿರೆಳೆದುಕೊಂಡಳೆಂದೇ ತಿಳಿಯದು. ಕುಣಿತದ ಹಾಲ್‌ಗಳ ದಢೂತಿ ಮನುಷ್ಯ. ಸಿನಿಮಾ ಹಾಡಿನ ನಡುವೆ ಚೂರೇ ಚೂರು ಊದಿ, ಹೆಸರೂ ಇಲ್ಲದೆ ಮರೆಯಾದ ಇನ್ನೊಬ್ಬ.

“ಈ ಕೊನೆಯವನು ನನಗಿಷ್ಟ,” ಎಂದ ಅವನು. “ಬಂದ, ಹೇಳಿದ, ಹೋದ.”

“ಮಾತು ಕಡಿಮೆ ಇರೋರೆಲ್ಲ ಅವನನ್ನೇ ಮೆಚ್ಚೋದು.”

“ನಾನೆಲ್ಲಿ ಕಡಿಮೆ ಮಾತಾಡ್ತೀನಿ? ನೀವು ಸಂದು ಕೊಟ್ರೆ ತಾನೆ?”

ಅವಳಿಗೆ ನಗು ಬಂತು. ತಲೆ ಬಗ್ಗಿಸಿದಾಗ ಹೊಳೆಯುವ ಹಿತ್ತಾಳೆಯಲ್ಲಿ ಅವನ ಮುಖ ಕಂಡಿತು. ಅವನು ನೋಡುತ್ತಿದ್ದುದು ಪ್ಯಾಡನ್ನಲ್ಲ. ಅವಳ ಕೆನ್ನೆ ಬಿಸಿಯಾಯಿತು. ಅಂದು ಮನೆಗೆ ಹೋಗಿ ಗಂಡನ ಫೋಟೊ ಇದ್ದ ಗೋಡೆಯ ಕಡೆ ತಿರುಗದೆ ಊಟ ಮಾಡಿದಳು. ಹೊಸ ಸೀರೆಯನ್ನು ಯಾಕೆ ಉಟ್ಟೆ ಎಂದು ಅತ್ತೆ ಕೇಳಲಿಲ್ಲ. ಕೇಳದೇ ಇದ್ದದ್ದೇ ಅವಳನ್ನು ಹೆಚ್ಚು ಚುಚ್ಚಿತು.

ಕೊನೆಗೊಂದು ಸಂಜೆ, “ಈಗ ಕೇಳಿ,” ಎಂದು ಅವನು ಊದಿದ.

ಬಂತು. ಅದೇ ಸ್ವರ, ಅದೇ ಉಸಿರು. ಅವಳು ಕಣ್ಣು ಮುಚ್ಚಿದಳು. ಗಂಡ ಎದುರಿಗಿದ್ದ, ಇಸ್ತ್ರಿಯ ಬಿಸಿ ಆರದ ಹೋಟೆಲ್ ಕೋಟಿನಲ್ಲಿ, ಕೈಯಳತೆಯಲ್ಲಿ. ಅವಳು ಕೈ ಚಾಚಿ ತೋಳು ಹಿಡಿದಳು.

“ರೀ, ಬಂದ್ರಾ?”

ಊದುವುದು ನಿಂತಿತು. ಕಣ್ಣು ತೆರೆದರೆ ಅವಳ ಕೈಯಲ್ಲಿದ್ದುದು ರಿಪೇರಿಯವನ ತೋಳು.

ಅವನು ಮೆಲ್ಲಗೆ ತೋಳು ಬಿಡಿಸಿಕೊಂಡ. “ರೇಡಿಯೊಗೆ ಹೀಗೇ ಊದಿಕೊಡ್ತೀನಿ. ಅದು ಕೆಲಸ. ಆದ್ರೆ ಆಮೇಲೆ ಇಲ್ಲಿಗೆ ಬರಬೇಡಿ.”

“ಯಾಕೆ?”

“ನೀವಂದ್ರೆ ನನಗೆ ಇಷ್ಟ. ಸತ್ತವರ ಉಸಿರನ್ನ ಎರವಲು ತಂದು ನಿಮ್ಮೆದುರು ನಿಲ್ಲೋಕೆ ನನ್ನ ಕೈಲಾಗಲ್ಲ. ನೀವು ತೋಳು ಹಿಡಿದಾಗ ಒಂದು ಗಳಿಗೆ ಆಸೆಪಟ್ಟೆ. ಆಮೇಲೆ ಹೊಟ್ಟೆ ಉರೀತು. ಹೋದವರ ಮೇಲೆ ಹೊಟ್ಟೆಕಿಚ್ಚು ಪಡೋನ ಜೊತೆ ನಿಮಗ್ಯಾಕೆ ಸಹವಾಸ?”

ಆ ಸ್ವರ ಬೇಕೆಂದರೆ ಇವನು ಇಲ್ಲ. ಇವನು ಬೇಕೆಂದರೆ, ಈಗಷ್ಟೇ ಸಿಕ್ಕ ಗಂಡನನ್ನು ತಾನೇ ಕೈಯಾರೆ ಕಳಿಸಿಕೊಡಬೇಕು. ಅವಳು ಆ ಹಿತ್ತಾಳೆಯ ಮೈಯನ್ನು ಸೆರಗಿನಿಂದ ಒರೆಸಿದಳು, ಒರೆಸುತ್ತಲೇ ಇದ್ದಳು.

“ರೇಡಿಯೊಗೆ ಒಂದೇ ಸಲ ಊದಿ. ಅತ್ತೆ ಕೇಳಲಿ. ಅಲ್ಲಿಗೆ ಮುಗೀತು, ಇದನ್ನ ಯಾರೂ ಊದೋದು ಬೇಡ,” ಎಂದಳು. “ಈಗ ನಿಮ್ಮ ಸ್ವಂತ ವಾದ್ಯ ತನ್ನಿ.”

“ನಾನು ನಿಮ್ಮ ಕಾರ್ಯಕ್ರಮಕ್ಕೆ ಹೋಗೋ ಅಂಥ ವಾದಕ ಅಲ್ಲ.”

“ಕಾರ್ಯಕ್ರಮಕ್ಕೆ ಯಾರು ಕರೆದ್ರು? ನನಗೆ ಊದಿ.”

ಅವನು ತನ್ನ ನೆಗ್ಗಿದ ವಾದ್ಯ ತಂದು ಊದತೊಡಗಿದ. ಎರಡು ಕಡೆ ತಪ್ಪಿದ. ಕಿವಿ ಕೆಂಪಾಯಿತು. ನಿಲ್ಲಿಸಲಿಲ್ಲ.

ಅವಳಿಗೆ ಕಣ್ಣು ಮುಚ್ಚಬೇಕೆನಿಸಿತು. ಮುಚ್ಚಿದರೆ ಅಲ್ಲಿ ಯಾರಿರುತ್ತಾರೆಂದು ಗೊತ್ತಿತ್ತು. ಮುಚ್ಚಲಿಲ್ಲ. ನೀರು ತುಂಬಿ ಅವನ ಮುಖ ಮಸುಕಾದರೂ, ಅವನನ್ನೇ ನೋಡುತ್ತ ಕೂತಳು.