ತಡವಾದ ಮೊಳಕೆ

ಅಬಕಾರಿ ಇಲಾಖೆಯ ಜೀಪನ್ನು ನೋಡಿ ನಗುವವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಭಾಗೀರಥಿಗೆ ಮೊದಲ ನೋಟಕ್ಕೇ ಅನಿಸಿತು.

ಜೀಪು ಬಂದು ನಿಂತರೆ ಸಾಮಾನ್ಯವಾಗಿ ಜನರ ಮುಖ ಬಾಡುತ್ತದೆ. ಕೆಲವರು ಹಿತ್ತಿಲಿನಿಂದ ಓಡುತ್ತಾರೆ. ಇವನು ಮಾತ್ರ ಯರಗಟ್ಟಿಯ ಹೊರಗಿನ ಆ ಹಳೆಯ ಅರಳೆ ಗೋದಾಮಿನ ಬಾಗಿಲನ್ನು ತಾನೇ ಅಗಲವಾಗಿ ತೆರೆದು ನಿಂತ.

"ಬರ್ರಿ ಮೇಡಂ. ಬೂಟ್ ಒಂದೀಟ ಹೊರಗ ಬಿಡ್ರಿ. ಒಳಗ ಜ್ವಾಳಾ ಮಲಗೇತಿ."

ಬೂಟು ಬಿಚ್ಚಿದ ಮೇಲೆ ಅರ್ಧ ಅಧಿಕಾರ ಹೊಸ್ತಿಲಾಚೆಯೇ ಉಳಿಯಿತು. ಉಳಿದರ್ಧವನ್ನು ಮುಖದ ಮೇಲೆ ತಂದುಕೊಂಡು ಭಾಗೀರಥಿ ಒಳಗೆ ಕಾಲಿಟ್ಟಳು. ನೆಲದ ತುಂಬ ಒದ್ದೆ ಗೋಣಿತಾಟು, ಅದರ ಮೇಲೆ ಗೇಣೆತ್ತರ ಹರಡಿದ ಬಿಳಿಜೋಳ. ಒಂದೊಂದು ಕಾಳಿನ ತುದಿಯಲ್ಲೂ ಎಳೆ ಮೊಳಕೆ ಇಣುಕುತ್ತಿತ್ತು. ಮೂಲೆಯಲ್ಲಿ ಬಟ್ಟೆ ಕಟ್ಟಿದ ಗಡಿಗೆ. ಹತ್ತಿರ ಹೋದರೆ ಹುಳಿ ವಾಸನೆ.

"ಇದೇನು?"

"ಅಂಬಲಿ," ಎಂದ ಅವನು. "ಬಾಯವ್ವಂದು."

ಕಾಳು ತಿರುವುತ್ತಿದ್ದ ಕೆಲಸದಾಕೆ ಬಾಯವ್ವ ಸೊಂಟದ ಮೇಲೆ ಕೈಯಿಟ್ಟು ಎದ್ದುನಿಂತಳು. "ನನ್ನ ಅಂಬ್ಲಿನೂ ಹಿಡಕೊಂಡ ಹೋಗ್ತೀ ಏನ ಯವ್ವಾ?"

ಹಿಡಿದುಕೊಂಡು ಹೋಗಲಿಲ್ಲ. ಆದರೆ ಭಾಗೀರಥಿ ಜೋಳದ ಮಾದರಿಯ ಜೊತೆ ಅದನ್ನೂ ಒಂದು ಬಾಟಲಿಗೆ ತುಂಬಿಸಿಕೊಂಡಳು. ಮೊದಲ ಪೋಸ್ಟಿಂಗಿನಲ್ಲಿ ಹೀಗೇ ನಗುನಗುತ್ತ ಚಹಾ ಕೊಟ್ಟವನೊಬ್ಬ ಮೇವಿನ ಬಣವೆಯೊಳಗೆ ಕಳ್ಳಭಟ್ಟಿ ಇಟ್ಟಿದ್ದ. ಆ ಚಹಾ ಕುಡಿದದ್ದಕ್ಕೆ ಅವಳು ಮೇಲಿನವರಿಂದ ಕೇಳಬಾರದ ಮಾತು ಕೇಳಿದ್ದಳು. ಅಂದಿನಿಂದ ನಗು ಕಂಡರೆ ಆಗುತ್ತಿರಲಿಲ್ಲ.

ಅವನ ಹೆಸರು ಸಿದ್ದರಾಮ, ಕಟಕೋಳದವನು. ಗೆಳೆಯ ಅರ್ಜುನನ ಜೊತೆ ಕಿತ್ತೂರಿನ ಹೆದ್ದಾರಿ ಬದಿಗೆ ಒಂದು ಸಣ್ಣ ಬ್ರೂವರಿ ನಡೆಸುತ್ತಿದ್ದ. ದೊಡ್ಡ ಕಂಪನಿಗಳು ಮಾಡದ ಬಿಯರನ್ನು ಮಾಡುವುದೇ ಅವರ ಹುಚ್ಚು. ಹುಣಸೆಹಣ್ಣಿನದು ಮಾಡಿದ್ದರು, ಗೋಡಂಬಿ ಹಣ್ಣಿನದು ಮಾಡಿದ್ದರು.

"ಶೇಂಗಾದ್ದೂ ಮಾಡಿದ್ವಿರಿ. ಅದನ್ನ ಎಮ್ಮಿನೂ ಮೂಸಲಿಲ್ಲ," ಎಂದ. "ಈ ಸಲ ನಮ್ಮ ಜ್ವಾಳದ್ದು. ಇಲ್ಲೆ ಬರೇ ಮೊಳಕಿ ಬರಿಸಿ, ಒಣಗಿಸಿ ಅಲ್ಲಿಗೆ ಕಳಸ್ತೇನಿ. ಇದರಾಗ ಒಂದ ಹನಿ ನಶೆ ಇಲ್ರಿ."

"ಅದನ್ನ ಲ್ಯಾಬ್ ಹೇಳ್ತೈತಿ. ಅಲ್ಲೀತನಕ ಸೀಲ್."

ಅವನ ನಗು ಮೊದಲ ಬಾರಿಗೆ ಮಾಸಿತು. "ಮೇಡಂ, ಮೊಳಕಿ ದಿನಾ ತಿರುವಿ ಹಾಕಬೇಕು. ಇಲ್ಲಂದ್ರ ಬೂಷ್ಟ ಹಿಡೀತೈತಿ. ಎಲ್ಲಾ ತಿಪ್ಪಿಗೆ."

ಅವನು ಗೋಗರೆಯಲಿಲ್ಲ, ದೊಡ್ಡವರ ಹೆಸರು ಹೇಳಲಿಲ್ಲ, "ಏನರ ಮಾಡ್ರಿ" ಎಂದು ಕಣ್ಣು ಮಿಟುಕಿಸಲಿಲ್ಲ. ಅದೂ ಅನುಮಾನಕ್ಕೆ ಕಾರಣವಾಯಿತು. ಆದರೂ ಮೊಳಕೆಗಳೇನು ಪಾಪ ಮಾಡಿದ್ದವು? ಕೊನೆಗೆ ಅವಳೇ ಹೇಳಿದಳು: "ದಿನಾ ಮುಂಜಾನೆ ನಾ ಬಂದು ಸೀಲ್ ತಗೀತೇನಿ. ನನ್ನ ಎದುರಿಗೆ ತಿರುವಿ ಹಾಕ್ರಿ. ಮತ್ತ ಸೀಲ್."

ಹಾಗೆ ಆ ಮುಂಜಾವುಗಳು ಶುರುವಾದವು.

ಅವನು ಮೊಣಕಾಲೂರಿ ಕುಳಿತು ಬೊಗಸೆಬೊಗಸೆಯಾಗಿ ಕಾಳನ್ನೆತ್ತಿ ಮಗುಚುತ್ತಿದ್ದ. ಅವಳು ಕಂಬಕ್ಕೊರಗಿ ಅವನ ಕೈಗಳನ್ನೇ ನೋಡುತ್ತಿದ್ದಳು. ಕೈಚಳಕ ಮಾಡಿಯಾನು ಎಂಬ ಎಚ್ಚರಿಕೆ ಎಂದು ತನಗೆ ತಾನೇ ಹೇಳಿಕೊಂಡಳು. ಹಳೆಯ ಹೆಂಚುಗಳ ಸಂದಿಯಿಂದ ಬಿಸಿಲಿನ ಕೋಲೊಂದು ಬಿದ್ದು, ಅವನ ಕಿವಿಯ ಹಿಂದೆ ಅಂಟಿದ್ದ ಜೋಳದ ಸಿಪ್ಪೆ ಮಿನುಗುತ್ತಿತ್ತು. ಅದನ್ನು ತೆಗೆದು ಹಾಕಬೇಕೆಂಬ ಆಸೆ ಬೆರಳ ತುದಿಗೆ ಬಂದಾಗ ಅವಳು ಕೈಯನ್ನು ಜೇಬಿಗೆ ತುರುಕಿದಳು.

"ಏನ ನೋಡಾಕತ್ತೀರಿ?" ಎಂದ ಅವನು ತಲೆ ಎತ್ತದೇ.

"ಡ್ಯೂಟಿ ಮಾಡಾಕತ್ತೇನಿ."

"ಭಾಳ ಚಂದ ಮಾಡ್ತೀರಿ ಬಿಡ್ರಿ."

"ಹಂಗಂದ್ರ?"

"ರೆಪ್ಪಿನೂ ಬಡಿಯೂದಿಲ್ಲ ನೀವು."

ಅವಳಿಗೆ ಕೋಪ ಬಂತೋ ನಗು ಬಂತೋ ತಿಳಿಯಲಿಲ್ಲ. ಬಾಗಿಲ ಹೊರಗೆ ಜೀಪಿನ ಡ್ರೈವರ್ ಖಾಸಿಮಸಾಬ ಸುಮ್ಮನೆ ಕೆಮ್ಮಿದ.

ಮಾತು ಬೆಳೆಯಿತು. ಅವನು ಒಂದು ಕಾಳನ್ನು ಅವಳ ಅಂಗೈಯಲ್ಲಿಟ್ಟು, "ಕಡೀರಿ," ಎಂದ. ಕಡಿದಳು. ಸಿಹಿ! ಬರಿ ಜೋಳಕ್ಕೆ ಈ ಸಿಹಿ ಎಲ್ಲಿಂದ ಬಂತು ಎಂದು ಕಣ್ಣರಳಿಸಿದಾಗ ಅವನು ಅವಳ ಮುಖವನ್ನೇ ನೋಡುತ್ತ ಉತ್ತರ ಮರೆತ. ಮರುದಿನ ಅವಳು ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತಳು. ಸವದತ್ತಿಯ ಬಾಡಿಗೆ ಮನೆಯಲ್ಲಿ ಅವ್ವ ಕೇಳಿದಳು: "ಇವತ್ತ ಯಾವ ಸಾಹೇಬ್ರು ಬರ್ತಾರವಾ?"

ಸೋಮವಾರ ಮಧ್ಯಾಹ್ನ ಮೇಲಧಿಕಾರಿಯ ಫೋನು ಬಂತು. ಮಾದರಿಗಳಲ್ಲಿ ತಪ್ಪೇನೂ ಇಲ್ಲ, ಅಂಬಲಿಯೂ ಅಂಬಲಿಯೇ. ಸೀಲ್ ತೆಗೆದುಬಿಡಿ.

ಮಂಗಳವಾರ ಮುಂಜಾನೆ ಅದನ್ನೇ ಹೇಳಬೇಕೆಂದು ಹೋದಳು. ಅವನು ಬಾಗಿಲಲ್ಲಿ ಕಾಯುತ್ತಿದ್ದ. "ರಿಪೋರ್ಟ್ ಬಂತೇನ್ರಿ?" ಎಂದು ಕೇಳಲೇ ಇಲ್ಲ. ಕೇಳಿದ್ದರೆ ಹೇಳುತ್ತಿದ್ದಳು. ನಾಲಿಗೆಯ ತುದಿಯವರೆಗೆ ಬಂದ ಮಾತನ್ನು ನುಂಗಿ, ಹೋಗುವಾಗ ತನ್ನ ಕೈಯಾರೆ ಮತ್ತೆ ಸೀಲ್ ಹಾಕಿದಳು. ಇಷ್ಟು ವರ್ಷ ಕಳ್ಳರನ್ನು ಹಿಡಿದವಳು ಈಗ ತಾನೇ ಕಳ್ಳಿ.

ಬುಧವಾರವೂ ಹಾಗೇ ಆಯಿತು. ಗುರುವಾರ ಸ್ವಲ್ಪ ಬೇಗ ಬಂದವಳಿಗೆ ಗೋದಾಮಿನ ಹಿಂದೆ ಅವನ ದನಿ ಕೇಳಿಸಿತು. ಫೋನಿನಲ್ಲಿ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದ.

"ಬ್ಯಾಡೋ ಅರ್ಜುನ. ಮೇಡಂಗ ಗೊತ್ತಾಗೂದ ಬ್ಯಾಡ. ಇನ್ನೊಂದೆರಡ ದಿನಾ ಹಿಂಗ ಇರ್ಲಿ."

ಹಾಗಾದರೆ ಲ್ಯಾಬೂ ಮೋಸ ಹೋಯಿತೇ? ಆ ಮೇವಿನ ಬಣವೆ ಮತ್ತೆ ಕಣ್ಣ ಮುಂದೆ ಬಂತು. ಬೀಗ ತೆಗೆದವಳೇ ಗೋದಾಮಿನ ಮೂಲೆಮೂಲೆ ಜಾಲಾಡಿದಳು. ಚೀಲಗಳನ್ನು ಎಳೆದಳು, ಗೋಣಿತಾಟುಗಳನ್ನು ಎತ್ತಿದಳು. ಏನೂ ಸಿಗಲಿಲ್ಲ. ಅವನು ಗಾಬರಿಯಾಗಿ ನೋಡುತ್ತಿದ್ದ.

"ನನಗ ಏನ ಗೊತ್ತಾಗಬಾರ್ದು?" ಎಂದಳು ತಿರುಗಿ ನಿಂತು. "ಎಲ್ಲಾ ಕೇಳೇನಿ ನಾ. ಖರೇ ಹೇಳ್ರಿ."

ಅವನು ತಲೆ ತಗ್ಗಿಸಿದ. ಕಿವಿಗಳು ಕೆಂಪಾಗಿದ್ದವು.

"ಸ್ಯಾಂಪಲ್ ಸ್ವಚ್ಛ ಬಂದಾವ ಅಂತ. ಅರ್ಜುನ ಸೋಮವಾರನ ವಿಚಾರಿಸಿದ್ದ. 'ಹೋಗಿ ಸೀಲ್ ತಗಿಸು, ಮೊಳಕಿ ಉದ್ದಾಗಿ ಕಾಳು ಪೊಳ್ಳಾಗ್ತೈತಿ' ಅಂತ ದಿನಾ ಬೈಯಾಕತ್ತಾನ."

"ಗೊತ್ತಿದ್ದೂ ಯಾಕ ಕೇಳ್ಲಿಲ್ಲ?"

"ಕೇಳಿದ್ರ ನೀವು ಸೀಲ್ ತಗದು ಹೋಗ್ತಿದ್ರಿ," ಎಂದ ಮೆಲ್ಲಗೆ. "ಮತ್ತ ಬರ್ತಿದ್ದಿಲ್ಲ."

ಅಷ್ಟರಲ್ಲಿ ಒಳಬಂದು ಕಾಳು ತಿರುವತೊಡಗಿದ್ದ ಬಾಯವ್ವ ಕೈ ನಿಲ್ಲಿಸಿದಳು. ಅವನು ಕಣ್ಣೆತ್ತಿದ. "ನಿಮಗ ಯಾವಾಗ ತಿಳೀತ್ರಿ?"

ಸುಳ್ಳು ಹೇಳಬಹುದಿತ್ತು. "ಸೋಮವಾರ," ಎಂದಳು.

ಅವನ ಮುಖದ ಮೇಲೆ ನಗು ನಿಧಾನವಾಗಿ, ನಂಬಲಾರದವನ ಹಾಗೆ ಅರಳಿತು. ಆ ನಗುವನ್ನು ನೋಡಿಯೇ ಅವಳು ಹೆದರಿದಳು. ಒಬ್ಬ ಅಧಿಕಾರಿ ಕಾರಣವಿಲ್ಲದೆ ಒಬ್ಬನ ಮಾಲನ್ನು ತಡೆಹಿಡಿದಳು, ಅದು ಅವನಿಗೆ ಗೊತ್ತು. ನಾಳೆ ಅವನೊಂದು ಮಾತು ಆಡಿದರೆ ಮೈಮೇಲಿನ ಸಮವಸ್ತ್ರ ಹೋಗುತ್ತದೆ. ಇದೇ ಅವನಿಗೆ ಬೇಕಿತ್ತೇ? ಬೇಕೆಂದೇ ಸುಮ್ಮನಿದ್ದು ತನ್ನನ್ನು ಕಟ್ಟಿಹಾಕಿದನೇ?

ಅವಳು ಸೀಲಿನ ತುಂಡುಗಳನ್ನು ಆರಿಸಿ ಜೇಬಿಗೆ ಹಾಕಿಕೊಂಡಳು. "ನಿಮ್ಮ ಕೆಲಸಾ ಮಾಡ್ಕೊಳ್ರಿ," ಎಂದು ಹೊರಟುಬಿಟ್ಟಳು. ಹಿಂದಿನಿಂದ ಅವನು "ಭಾಗೀರಥಿ" ಎಂದ, ಮೇಡಂ ಇಲ್ಲದೆ. ಅವಳು ತಿರುಗಿ ನೋಡಲಿಲ್ಲ.

ಮರುದಿನವೇ ಮೇಲಧಿಕಾರಿಯ ಮುಂದೆ ನಿಂತು ತಪ್ಪೊಪ್ಪಿಕೊಂಡಳು. ನೀವು ಹೇಳಿದ ಮೇಲೂ ಸೀಲ್ ತೆಗೆಯಲಿಲ್ಲ, ತಪ್ಪು ನನ್ನದು. ಯಾಕೆ ಎಂದು ಅವರು ಕೇಳಿದರು. ತಪ್ಪು ನನ್ನದು ಎಂದಷ್ಟೇ ಅವಳು ಮತ್ತೆ ಹೇಳಿದಳು. ಅವಳಿಗೊಂದು ಖಾರವಾದ ಮೆಮೋ ಬಂತು. ಗೋದಾಮಿನ ಉಸ್ತುವಾರಿ ಬೇರೆಯವರ ಪಾಲಾಯಿತು. ಇನ್ನು ಅವನ ಕೈಯಲ್ಲಿ ತನ್ನದೇನೂ ಇಲ್ಲ ಎಂದು ಸಮಾಧಾನಪಟ್ಟುಕೊಂಡಳು. ಸಮಾಧಾನವೇನೋ ಆಯಿತು, ಆದರೆ ಮುಂಜಾವುಗಳು ಮಾತ್ರ ಬಣಗುಟ್ಟಿದವು.

ತಿಂಗಳು ಕಳೆದ ಮೇಲೆ ಒಂದು ದಿನ ಖಾಸಿಮಸಾಬ ಗೇರು ಬದಲಿಸುತ್ತ ಬಾಯಿಬಿಟ್ಟ.

"ಮೇಡಂ, ಯರಗಟ್ಟಿ ಸಂತ್ಯಾಗ ಬಾಯವ್ವ ಸಿಕ್ಕಿದ್ಲು. ಆ ಹುಡುಗನ ಮಾಲ್ ಕೆಟ್ಟಿತ್ತಂತ, ಮೊಳಕಿ ಭಾಳ ಉದ್ದ ಬಂದು. ಅವನ ದೋಸ್ತ ನಿಮ್ಮ ಮ್ಯಾಲ ಕಂಪ್ಲೇಂಟ್ ಕೊಡೂಣು ಅಂದ್ರ, 'ಕೊಟ್ಟಿ ಅಂದ್ರ ನಾ ಈ ಧಂದೆನ ಬಿಡ್ತೇನಿ' ಅಂದನಂತ."

ಭಾಗೀರಥಿ ಕಿಟಕಿಯಾಚೆ ನೋಡಿದಳು. ಇದನ್ನೂ ಅವನೇ ಹೇಳಿಸಿ ಕಳಿಸಿರಬಹುದೇ? ಮನಸ್ಸಿನ ಈ ಚಾಳಿಗೆ ಅವಳಿಗೇ ನಾಚಿಕೆಯಾಯಿತು.

"ಐತವಾರ ಕಿತ್ತೂರಾಗ ಹೊಸಾ ಬಿಯರ್ ಬಿಡಾಕತ್ತಾರಂತ," ಎಂದು ಸೇರಿಸಿದ ಖಾಸಿಮಸಾಬ. "ನಾನಂತೂ ಕುಡಿಯೂದಿಲ್ಲ. ಸುಮ್ನ ಹೇಳಿದೆ."

ಭಾನುವಾರ ಅವಳು ತಿಳಿನೀಲಿ ಸೀರೆಯುಟ್ಟು ಬಸ್ಸು ಹತ್ತಿದಳು. ಬೈಲಹೊಂಗಲದಲ್ಲಿ ಬಸ್ಸು ಬದಲಿಸುವಾಗ ತಿರುಗಿ ಹೋಗಲೇ ಎಂದು ಒಮ್ಮೆ ಯೋಚಿಸಿದಳು. ಹೋಗಲಿಲ್ಲ.

ಬ್ರೂವರಿಯ ಅಂಗಳದಲ್ಲಿ ಜನ ಮಾತಾಡುತ್ತ ನಿಂತಿದ್ದರು. ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಿತ್ತು: "ಹೊಸದು — ತಡ."

ನಲ್ಲಿಯ ಹಿಂದೆ ಗ್ಲಾಸು ತುಂಬುತ್ತಿದ್ದ ಸಿದ್ದರಾಮ ಸೀರೆಯ ಹೆಂಗಸನ್ನು ಒಮ್ಮೆ ನೋಡಿ ಕಣ್ಣು ತೆಗೆದ. ಮತ್ತೆ ನೋಡಿದ. ಗ್ಲಾಸು ತುಂಬಿ ಅವನ ಕೈಮೇಲೆ ಹರಿಯತೊಡಗಿತು.

"ಚೆಲ್ಲಾಕತ್ತೇತಿ," ಎಂದಳು.

"ಚೆಲ್ಲಲಿ ಬಿಡ್ರಿ." ನಲ್ಲಿ ನಿಲ್ಲಿಸುವುದಕ್ಕೆ ಅವನಿಗೆ ತುಸು ಹೊತ್ತು ಬೇಕಾಯಿತು. "ಡ್ಯೂಟಿ ಮ್ಯಾಲ ಬಂದೀರೇನು?"

"ಇವತ್ತ ನಾ ಮೇಡಂ ಅಲ್ಲ. ಇದೆಂಥಾ ಹೆಸರು ಇಟ್ಟೀರಿ, ತಡ ಅಂತ?"

"ಅರ್ಜುನ ಸಿಟ್ಟಿನಾಗ ಇಟ್ಟಿದ್ದು. ಮೊಳಕಿ ತಡಾ ಆಗಿ ಕಾಳಿನಾಗಿನ ಸಿಹಿ ಅರ್ಧಾ ಹೋಗಿತ್ತು, ಬಿಯರ್ ನೀರಾಗಿತ್ತು. ಚೆಲ್ಲಾಕ ಮನಸ್ಸ ಬರ್ಲಿಲ್ಲ. ಪುಂಡಿ ಹೂವು ಹಾಕಿ ನೋಡಿದೆ."

ಗ್ಲಾಸಿನಲ್ಲಿದ್ದದ್ದು ಪುಂಡಿ ಹೂವಿನ ಕೆಂಪು. ಬಿಸಿಲಿಗೆ ಹಿಡಿದರೆ ಕುಂಕುಮದ ನೀರಿನ ಹಾಗೆ ಹೊಳೆಯುತ್ತಿತ್ತು. ಅವಳು ಅದನ್ನು ಮುಟ್ಟಲಿಲ್ಲ. ಮೊದಲು ಹೇಳುವುದನ್ನು ಹೇಳಬೇಕಿತ್ತು.

"ನಾ ನಮ್ಮ ಸಾಹೇಬ್ರಿಗೆ ಎಲ್ಲಾ ಹೇಳೇನಿ. ಸೀಲ್ ಯಾಕ ಇಟ್ಟಿದ್ದೆ ಅನ್ನೂದೊಂದು ಬಿಟ್ಟು."

ಅವನ ಮುಖ ಬಿಳುಚಿತು. "ಯಾಕ? ನಾ ಯಾರಿಗೂ ಹೇಳ್ತಿದ್ದಿಲ್ಲ."

"ಅದನ್ನ ನಾ ನಂಬಲಿಲ್ಲ. ನೀವು ನನ್ನ ಕಟ್ಟಿ ಹಾಕ್ತೀರಿ ಅಂದ್ಕೊಂಡೆ."

ಆ ಮಾತು ಅವನಿಗೆ ನಾಟಿತು. ಒರೆಸಿದ ಕೈಯನ್ನೇ ಮತ್ತೆ ಒರೆಸಿದ. ಆಮೇಲೆ ಕೇಳಿದ: "ಈಗರೆ?"

"ಈಗೂ ಎಲ್ಲಾರ ಮ್ಯಾಲೂ ಸಂಶೆ ಬರ್ತೈತಿ ನನಗ. ಅದು ಹೋಗೂದಿಲ್ಲ. ಆದ್ರ ನಿಮ್ಮ ಮ್ಯಾಲ ಬಂದಾಗ ನಿಮ್ಮನ್ನ ಕೇಳ್ತೇನಿ. ಎದ್ದು ಹೋಗೂದಿಲ್ಲ."

"ದಿನಾ ಕೇಳ್ರಿ," ಎಂದ ಅವನು. "ಮುಂಜಾನೆ ಒಮ್ಮೆ, ಸಂಜೀಕ ಒಮ್ಮೆ. ನನಗ ಬ್ಯಾಸರಿಲ್ಲ. ನೀವು ಬಂದು ಕಂಬಕ್ಕ ಆನಿಸಿ ನಿಂತ ದಿನದಿಂದ ನನಗ ಜ್ವಾಳದ ಮ್ಯಾಲ ಲಕ್ಷ್ಯನ ಇರಲಿಲ್ಲ ಭಾಗೀರಥಿ."

ಅವಳು ನೆಲ ನೋಡಿದಳು. ಕೆನ್ನೆಗೇರಿದ ಬಿಸಿಯನ್ನು ಅಡಗಿಸಲು ಗ್ಲಾಸೆತ್ತಿ ಒಂದು ಗುಟುಕು ಕುಡಿದಳು. ಹುಟ್ಟಿದ ಮೇಲೆ ಮೊದಲ ಗುಟುಕು. ಮುಖ ಹಿಂಡಿಕೊಂಡಿತು, ಕಣ್ಣು ಮುಚ್ಚಿತು.

"ಅಯ್ಯ, ಎಂಥಾ ಹುಳಿರೀ ಇದು!"

ಪಕ್ಕದ ಮೇಜಿನವರು ನಕ್ಕರು. ಅವನೂ ನಕ್ಕ. ಆ ನಗುವಿನ ಹಿಂದೆ ಏನಿದೆ ಎಂದು ಅವಳು ಹುಡುಕಲಿಲ್ಲ.

"ರಾಮದುರ್ಗಕ್ಕ ಬದಲಿ ಕೇಳೇನಿ," ಎಂದಳು ಸೆರಗಿನಿಂದ ತುಟಿಯೊರೆಸಿಕೊಳ್ಳುತ್ತ. "ನಿಮ್ಮ ಗೋದಾಮು ನನ್ನ ಹದ್ದಿನಾಗ ಬರಬಾರ್ದು. ಬಂದ್ರ ನಾ ನಿಮಗ ಸಡಿಲ ಬಿಟ್ಟೇನಿ ಅಂತ ಜನಾ ಅಂತಾರ, ನಾನೂ ಅಂದ್ಕೋತೇನಿ."

"ಮತ್ತ ನಾ ನಿಮ್ಮನ್ನ ಎಲ್ಲಿ ನೋಡೂದು?"

"ಬರೂ ಐತವಾರ ಸವದತ್ತಿಗೆ ಬರ್ರಿ, ನಮ್ಮ ಮನಿಗೆ. ಅವ್ವನ ಮುಂದ ಕುಂತು ಮಾತಾಡೂಣು."

"ಬಿಯರ್ ಮಾಡಾಂವ ಅಂತ ಹೇಳ್ಲ್ಯಾ? ಏನ ಜ್ವಾಳದ ವ್ಯಾಪಾರ ಅಂತ ಹೇಳ್ಲ್ಯಾ?"

"ಖರೇನ ಹೇಳ್ರಿ," ಎಂದಳು ಭಾಗೀರಥಿ. "ಅವ್ವ ಬೈತಾಳ. ಬೈಸ್ಕೊಳ್ರಿ. ಬಾಜೂಕ ನಾ ಕುಂತಿರ್ತೇನಿ."