ವಿಚಾರಣೆ ಬೇಡಿದ ಸೆರೆಯಾಳು

ಶರದೃತುವಿನ ಎಳೆಬಿಸಿಲಿನಲ್ಲಿ ಶಂಖಪುರದ ರಾಜಬೀದಿ ರೇಷ್ಮೆಯ ತೋರಣಗಳಿಂದ ಹೊಳೆಯುತ್ತಿತ್ತು. ರಾಜಕುಮಾರನ ನಾಮಕರಣವೆಂದು ಪಟ್ಟದಾನೆಯ ದಂತಗಳಿಗೆ ಹೊನ್ನಿನ ಬಳೆ ತೊಡಿಸಿದ್ದರು. ಕಸ್ತೂರಿ ಮಾರುವವರ ಅಂಗಡಿಗಳ ಮುಂದೆ ಜನ ಕಿಕ್ಕಿರಿದಿದ್ದರು. ಅದೇ ಬೀದಿಯ ಕೊನೆಯಲ್ಲಿ, ಧರ್ಮಸಭೆಯ ತಂಪಾದ ಮಂಟಪದಲ್ಲಿ, ರಾಜ್ಯದ ಧರ್ಮಾಧಿಕಾರಿಗಳು ತಾಂಬೂಲ ಮೆಲ್ಲುತ್ತ, ಯಾವ ವ್ಯಾಜ್ಯವನ್ನೂ ಮುಟ್ಟದೆಯೇ ಆಯಾಸಗೊಂಡು ಒರಗಿದ್ದರು.

ಆ ಮಹನೀಯರ ಕೃಪೆಯಿಂದ ಉತ್ತರದ ಕೋಟೆಯ ದಳಪತಿ ಕೇತಣ ನಾಯಕನು ಆರು ವರ್ಷಗಳಿಂದ ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದನು. ಶತ್ರುಗಳಿಗೆ ಕೋಟೆಯ ಬಾಗಿಲು ತೆರೆದನೆಂಬುದು ಆರೋಪ. ತೆರೆಸಿದವನು ಮಹಾಪ್ರಧಾನ ಬೀಚರಸನ ಮೈದುನ ರೇಚಣನೆಂಬುದನ್ನು ಬಾಗಿಲ ಕಾವಲಿನವರು ಕಣ್ಣಾರೆ ಕಂಡಿದ್ದರು. ಗ್ರಹಣ, ಅಧಿಕಮಾಸ, ರಾಜಮಾತೆಯ ವ್ರತ ಎಂದು ಬೀಚರಸನು ವಿಚಾರಣೆಯನ್ನು ಮುಂದೂಡುತ್ತ ಹೋದಂತೆ ಆ ಕಾವಲಿನವರು ಒಬ್ಬೊಬ್ಬರಾಗಿ ತೀರಿಕೊಂಡರು. ಉಳಿದವನು ಮುದುಕ ಹೊನ್ನಯ್ಯ. ಅವನೂ ಹಾಸಿಗೆ ಹಿಡಿದಿದ್ದನು. ಕೊಲೆಗಡುಕನಿಗೆ ಬೇಕಾದಷ್ಟು ಧೈರ್ಯವೂ ಇಲ್ಲದ ಪ್ರಧಾನನು ಹೀಗೆ ಕಾಯುವುದನ್ನೇ ರಾಜನೀತಿಯೆಂದು ಕರೆಯುತ್ತಿದ್ದನು.

ಶುಭದಿನದ ನಿಮಿತ್ತ ಸೆರೆಯಾಳುಗಳನ್ನು ಬಿಡಿಸಲು ಮಹಾರಾಜ ಮಲ್ಲದೇವನು ಅಂದು ಬೀಚರಸ, ರೇಚಣ ಮತ್ತು ಸಭಾಸದರೊಡನೆ ಸ್ವತಃ ಸೆರೆಮನೆಯ ಅಂಗಳಕ್ಕೆ ಬಂದನು. ಸಂಕೋಲೆ ಕಳಚಲು ಬಂದವರನ್ನು ಕೇತಣನು ತಡೆದನು.

“ಪ್ರಭು, ಕ್ಷಮೆ ಅಪರಾಧಿಗೆ ಸಲ್ಲತಕ್ಕದ್ದು. ನಾನು ಬೇಡಿದ್ದು ವಿಚಾರಣೆಯನ್ನು. ಅದಕ್ಕೆ ತಮಗೆ ಬಿಡುವಾಗಲಿಲ್ಲ.”

ಅರಸನ ಮುಖ ಕೆಂಪೇರಿತು. “ಪ್ರಧಾನರೇ, ವಿಚಾರಣೆ ನಡೆಯುತ್ತಿದೆ ಎಂದಿದ್ದಿರಲ್ಲವೇ?”

“ಮುಗಿಯುತ್ತ ಬಂದಿದೆ, ಮಹಾಪ್ರಭು.”

“ಆರಂಭವೇ ಆಗಿಲ್ಲ,” ಎಂದಳು ಬಾಗಿಲಲ್ಲಿ ನಿಂತಿದ್ದ ಕೇತಣನ ಪತ್ನಿ ಚಂದಲೆ. “ಹೊನ್ನಯ್ಯನವರು ಇನ್ನೂ ಉಸಿರಾಡುತ್ತಿದ್ದಾರೆ. ಕೇಳುವುದಾದರೆ ಈಗಲೇ ಕೇಳಬೇಕು.”

ಮಲ್ಲದೇವನು ಅಲ್ಲಿಯೇ ಕುಳಿತನು. ಹೊನ್ನಯ್ಯನನ್ನು ಮಂಚದ ಸಮೇತ ಹೊತ್ತು ತಂದರು.

“ರೇಚಣನವರು ಪ್ರಧಾನರ ಮುದ್ರೆಯುಂಗುರ ತೋರಿಸಿ ನಮ್ಮನ್ನು ಬಾಗಿಲಿನಿಂದ ಸರಿಸಿದರು. ನಾಯಕರು ಆಗ ಪೂರ್ವದ ಬುರುಜಿನಲ್ಲಿ ಕಾದಾಡುತ್ತಿದ್ದರು, ಬುದ್ಧಿ,” ಎಂದನು ಮುದುಕ.

“ಎಷ್ಟೋ ವರ್ಷದ ಹಿಂದಿನ ಮಾತು. ಇವನ ನೆನಪು ಮಸುಕಾಗಿದೆ,” ಎಂದನು ಬೀಚರಸ.

ಕೇತಣನು ನಕ್ಕನು. “ಆ ವರ್ಷಗಳು ಉರುಳುವಂತೆ ಮಾಡಿದವರು ಯಾರು, ಪ್ರಧಾನರೇ?”

ಅರಸನು ರೇಚಣನತ್ತ ತಿರುಗಿ, “ಉಂಗುರ ನಿನಗೆ ಹೇಗೆ ಸಿಕ್ಕಿತು?” ಎಂದನು. ಶತ್ರುವಿಗೆ ರಾಜ್ಯವನ್ನೇ ಮಾರಲು ಹೊರಟಿದ್ದ ಆ ವೀರನು ಒಂದು ಗದರಿಕೆಯನ್ನೂ ತಾಳಲಿಲ್ಲ. “ಭಾವನವರೇ ಕೊಟ್ಟರು,” ಎಂದು ನೆಲ ನೋಡುತ್ತ ತೊದಲಿದನು.

ಕೇತಣನು ನಿರ್ದೋಷಿಯೆಂದು ಅರಸನು ಸಾರಿದನು. ಅವನ ಕಾಲಿನ ಸಂಕೋಲೆ ಬೀಚರಸನ ಕಾಲಿಗೆ ಹೋಯಿತು. ಆ ಬೆಳಗಿನವರೆಗೂ ಪ್ರಧಾನನಿಗೆ ಚಾಮರ ಬೀಸಿದ್ದ ಸಭಾಸದರು, ಇವನನ್ನು ಕೇತಣನಿದ್ದ ಕೋಣೆಯಲ್ಲೇ ಕೊಳೆಯಿಸಬೇಕೆಂದು ಪೈಪೋಟಿಯಿಂದ ವಿನಂತಿಸತೊಡಗಿದರು.

ಕೇತಣನು ಅವರತ್ತ ಕಣ್ಣೆತ್ತಲಿಲ್ಲ. “ಪ್ರಭು, ಪ್ರಧಾನರ ವಿಚಾರಣೆಯನ್ನು ನಾಳೆಯೇ ಆರಂಭಿಸಿ. ಇವರ ಪರವಾಗಿ ಹೇಳುವವರು ಯಾರಾದರೂ ಇದ್ದರೆ, ಅವರು ಬದುಕಿರುವಾಗಲೇ ಕೇಳಿ,” ಎಂದನು.

ಮಲ್ಲದೇವನು ತಲೆ ತಗ್ಗಿಸಿ ಒಪ್ಪಿದನು. ಕೇತಣನು ಚಂದಲೆಯ ಭುಜ ಹಿಡಿದು, ಬಾತ ಕಾಲುಗಳನ್ನು ನಿಧಾನವಾಗಿ ಎತ್ತಿಡುತ್ತ, ಬಿಸಿಲಿಗೆ ನಡೆದನು.