ಅತ್ತೆ ಎತ್ತಿಕೊಂಡು ಹೋದ ಲಿಪ್ ಬಾಮ್

“ಎಲ್ಲಾನೂ ಕೊಟ್ಬಿಟ್ಯಾ? ಒಂದೂ ಉಳಿಸ್ಲಿಲ್ವಾ?”

ಪಿಸಿಲಾ ಅಡುಗೆಮನೆಯ ಬಾಗಿಲಲ್ಲಿ ಸ್ಕೂಲ್ ಬ್ಯಾಗ್ ಕೂಡ ಇಳಿಸದೆ ನಿಂತಿದ್ದಳು. ಬೆಳಿಗ್ಗೆ ಕಿಟಕಿಯ ಹತ್ತಿರ ಲಿಪ್ ಬಾಮ್ ತುಂಬಿದ ಐದು ಕಡಲ ಚಿಪ್ಪುಗಳನ್ನು ಸಾಲಾಗಿ ಇಟ್ಟು ಹೋಗಿದ್ದಳು. ಈಗ ಅಲ್ಲಿ ಎಣ್ಣೆಯ ಗುರುತು ಬಿಟ್ಟರೆ ಬೇರೇನೂ ಇರಲಿಲ್ಲ.

“ನಾನೆಲ್ಲಿ ಕೊಟ್ಟೆ?” ಅಮ್ಮ ಕಾಯಿ ತುರಿಯುತ್ತಾ ಹೇಳಿದಳು. “ಕಲೋ ಅತ್ತೆ ಬಂದಿದ್ರು. ಮೂಸಿ ನೋಡಿದ್ರು. ಬ್ಯಾಗಿಗೆ ಹಾಕ್ಕೊಂಡ್ರು.”

“ಬೇಡ ಅನ್ಬೇಕಿತ್ತು!”

ಅಮ್ಮನ ಕೈ ನಿಂತಿತು. “ಯಾರಿಗೆ? ಸೋದರತ್ತೆಗಾ? ಬಾಯಿ ತೊಳ್ಕೊಂಡು ಬಾ ಹೋಗು.”

“ಅಪ್ಪ ಎಲ್ಲಿದ್ದ?”

“ಅಕ್ಕ ಬಂದಾಗ ನಿಮ್ಮಪ್ಪ ಎಲ್ಲಿರ್ತಾನೆ? ಅಂಗಳದಲ್ಲಿ. ಹೋಗುವಾಗ ಒಂದು ಹೊರೆ ಗೆಡ್ಡೆ ಬೇರೆ ಹೊರಿಸಿ ಕಳಿಸಿದ.”

ಅಪ್ಪನ ಅಕ್ಕ ಎಂದರೆ ಅಂತಸ್ತಿನಲ್ಲಿ ಅಪ್ಪನಿಗಿಂತ ದೊಡ್ಡವಳು. ಅವಳು ಒಳಗಿದ್ದರೆ ಮರ್ಯಾದೆಗೆ ತಮ್ಮ ಹೊರಗಿರಬೇಕು. ತಮ್ಮನ ಮನೆಯಲ್ಲಿ ಅವಳ ಕಣ್ಣಿಗೆ ಬಿದ್ದದ್ದು ಅವಳದ್ದೇ. ಹೊಸ ಕೇದಗೆ ಚಾಪೆಯಾಗಲಿ, ಹಂದಿಮರಿಯಾಗಲಿ, ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ. ತೊಂಗಾ ದ್ವೀಪಗಳಲ್ಲಿ ಇದು ಹಾಲು ಕುಡಿಯುವ ಕೂಸಿಗೂ ಗೊತ್ತು. ಪಿಸಿಲಾಗೂ ಗೊತ್ತಿತ್ತು. ಆದರೆ ಗೊತ್ತಿದ್ದ ಮಾತ್ರಕ್ಕೆ ಹೊಟ್ಟೆ ಉರಿಯುವುದು ನಿಲ್ಲುತ್ತದೆಯೇ?

“ಅದು ಸೇಮಿಗೆ ಅಂತ ಮಾಡಿದ್ದು,” ಎಂದಳು. “ಭಾನುವಾರ ಅವನು ಹೇಗಮ್ಮ ಹೇಳ್ತಾನೆ?”

ಮೂಲೆಯಲ್ಲಿ ಬೆಕ್ಕಿನ ಜೊತೆ ಆಡುತ್ತಿದ್ದ ತಮ್ಮ ಸೇಮಿ ತಲೆ ಎತ್ತಿದ. ಆರು ವರ್ಷದ ಸೇಮಿಯ ತುಟಿ ಊದಿ, ಸಿಪ್ಪೆ ಎದ್ದು, ಎರಡು ಕಡೆ ಸೀಳಿಹೋಗಿತ್ತು. ನಕ್ಕರೆ ರಕ್ತ ಬರುತ್ತಿತ್ತು. ಹಾಗಾಗಿ ಅವನು ನಗುವುದನ್ನೇ ಬಿಟ್ಟಿದ್ದ.

ಭಾನುವಾರ ಚರ್ಚಿನಲ್ಲಿ ಮಕ್ಕಳ ಹಬ್ಬ. ಮೇ ತಿಂಗಳ ಮೊದಲ ಭಾನುವಾರ ಊರಿನ ಮಕ್ಕಳೆಲ್ಲ ಬಿಳಿ ಬಟ್ಟೆ ಹಾಕಿಕೊಂಡು ಒಬ್ಬೊಬ್ಬರಾಗಿ ಎದ್ದು ಬೈಬಲ್ಲಿನ ಸಾಲು ಹೇಳುತ್ತಾರೆ. ಸೇಮಿಗೆ ಇದು ಮೊದಲ ಸಲ. ಅವನಿಗೆ ಸಿಕ್ಕಿದ್ದು ನಾಲ್ಕೇ ಸಾಲು. ಅದನ್ನು ಅವನು ಹಂದಿಗಳಿಗೆ, ಕೋಳಿಗಳಿಗೆ, ಬೆಕ್ಕಿಗೆ, ಸಮುದ್ರಕ್ಕೆ, ಎಲ್ಲರಿಗೂ ಕೂಗಿ ಕೂಗಿ ಹೇಳಿ ಕಲಿತಿದ್ದ. ತುಟಿ ಸೀಳುವ ಮೊದಲು.

ತುಟಿ ಸೀಳಿದ್ದು ಯಾಕೆ? ಅದನ್ನು ನೆನೆದರೆ ಪಿಸಿಲಾಗೆ ಮೈಯೆಲ್ಲ ಉರಿಯುತ್ತಿತ್ತು.

ಈಸ್ಟರ್ ಹಬ್ಬಕ್ಕೆ ಕಲೋ ಅತ್ತೆ ರಾಜಧಾನಿಗೆ ಹೋಗಿ ಬಂದಿದ್ದರು. ಬರುವಾಗ ಎಲ್ಲರಿಗೂ ಗುಲಾಬಿ ಬಣ್ಣದ ಲಿಪ್ ಬಾಮ್ ಟ್ಯೂಬ್ ತಂದಿದ್ದರು. ಹಚ್ಚಿದರೆ ಮಿಣಮಿಣ ಹೊಳಪು, ಸ್ಟ್ರಾಬೆರಿ ವಾಸನೆ. ಪಿಸಿಲಾಗೆ ಆ ವಾಸನೆ ಹಿಡಿಸಲಿಲ್ಲ, ಹಚ್ಚಲಿಲ್ಲ. ಸೇಮಿಗೆ ಮಾತ್ರ ಅದು ಮಿಠಾಯಿಯ ಹಾಗೆ ಕಂಡಿತು. ಹಚ್ಚಿದ, ನೆಕ್ಕಿದ, ಮತ್ತೆ ಹಚ್ಚಿದ. ಒಂದು ವಾರದಲ್ಲಿ ಅವನ ಬಾಯಿ ಸುಟ್ಟ ಬದನೆಕಾಯಿಯಂತಾಯಿತು.

ಪಿಸಿಲಾ ಟ್ಯೂಬನ್ನು ಸ್ಕೂಲಿಗೆ ಒಯ್ದು ಟೀಚರಿಗೆ ತೋರಿಸಿದಳು. ಅದರ ಹಿಂದೆ ಇರುವೆ ಮೊಟ್ಟೆಯಷ್ಟು ಸಣ್ಣ ಅಕ್ಷರಗಳಲ್ಲಿ ಏನೇನೋ ಬರೆದಿತ್ತು. ಟೀಚರ್ ಕನ್ನಡಕ ಹಾಕಿಕೊಂಡು ಓದಲು ಹೊರಟರು. ಮೂರನೇ ಹೆಸರಿಗೇ ಅವರ ನಾಲಿಗೆ ತೊಡರಿತು.

“ಬಾಯಿಗೆ ಹಚ್ಚೋದರ ಹೆಸರು ಬಾಯಲ್ಲೇ ಹೇಳೋಕಾಗಲ್ವಲ್ಲ ಮಿಸ್!” ಎಂದಿದ್ದಳು ಪಿಸಿಲಾ. ಇಡೀ ಕ್ಲಾಸು ನಕ್ಕಿತ್ತು. ಅವಳು ಮಾತ್ರ ನಕ್ಕಿರಲಿಲ್ಲ.

ಆಸ್ಪತ್ರೆಯ ನರ್ಸ್ ಸೇಮಿಯ ಗಲ್ಲ ಹಿಡಿದು ನೋಡಿ, “ಇದರಲ್ಲಿರೋ ಬಣ್ಣಾನೋ ಸೆಂಟೋ ಇವನಿಗೆ ಆಗ್ತಿಲ್ಲ. ಇವತ್ತಿಂದಲೇ ಬಿಡ್ಸಿ,” ಎಂದರು. ಅಮ್ಮ ಹೂಂ ಎಂದಳು. ಟ್ಯೂಬನ್ನು ಕಪಾಟಿನ ಮೇಲೆ ಎತ್ತಿಟ್ಟಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಲೋ ಅತ್ತೆ ಬರುವುದು ದೂರದಲ್ಲಿ ಕಂಡರೆ ಸಾಕು, ಅಮ್ಮ ಓಡಿಹೋಗಿ ಟ್ಯೂಬ್ ಇಳಿಸಿ ಸೇಮಿಯ ತುಟಿಗೆ ಒಂದು ಸಲ ಸವರಿಬಿಡುತ್ತಿದ್ದಳು! ಅತ್ತೆ ಕೊಟ್ಟದ್ದನ್ನು ಬಳಸುತ್ತಿಲ್ಲ ಎಂದು ಅತ್ತೆಗೆ ಅನ್ನಿಸಬಾರದು. ಅದಕ್ಕೆ. ಸೇಮಿ ಕಣ್ಣಲ್ಲಿ ನೀರು ತುಂಬಿಕೊಂಡು ಸುಮ್ಮನೆ ನಿಲ್ಲುತ್ತಿದ್ದ. ಮಾಯುತ್ತಾ ಬಂದ ತುಟಿ ಮತ್ತೆ ಸೀಳುತ್ತಿತ್ತು.

“ನರ್ಸ್ ಬೇಡ ಅಂದಿದ್ದಾರೆ!” ಪಿಸಿಲಾ ಕೂಗಾಡುತ್ತಿದ್ದಳು.

“ಅತ್ತೆ ಕೊಟ್ಟಿದ್ದು ಕಣೆ. ಬಿಸಿತುಪ್ಪ. ಉಗುಳೋಕಾಗುತ್ತಾ?” ಎನ್ನುತ್ತಿದ್ದಳು ಅಮ್ಮ.

ದೊಡ್ಡವರಿಗೆ ಬುದ್ಧಿ ಇಲ್ಲ ಎಂದು ಪಿಸಿಲಾ ಅಂದೇ ತೀರ್ಮಾನಿಸಿದ್ದಳು.

ಆಮೇಲೆ ಅವಳೇ ಕೈ ಹಾಕಿದಳು. ತೆಂಗಿನಕಾಯಿ ತುರಿದು, ಹಾಲು ಹಿಂಡಿ, ಸಣ್ಣ ಉರಿಯಲ್ಲಿ ಕಾಯಿಸಿ ಎಣ್ಣೆ ಬಿಡಿಸಿದಳು. ವಿಲಿಯಮಿ ಚಿಕ್ಕಪ್ಪನ ಜೇನುಪೆಟ್ಟಿಗೆಗಳನ್ನು ಉಜ್ಜಿ ಕೊಟ್ಟು ಒಂದಿಷ್ಟು ಮೇಣ ಸಂಪಾದಿಸಿದಳು. ಮೊದಲ ಸಲ ಮೇಣ ಹೆಚ್ಚಾಗಿ ಲಿಪ್ ಬಾಮ್ ಬದಲು ಮೇಣದಬತ್ತಿ ಆಯಿತು. ಎರಡನೇ ಸಲ ಎಣ್ಣೆ ಹೆಚ್ಚಾಗಿ ಸೇಮಿಯ ಗಲ್ಲದಿಂದ ಅಂಗಿಗೆ ಇಳಿಯಿತು. ಮೂರನೇ ಸಲ ಹದ ಸಿಕ್ಕಿತು. ಬೆರಳಿಟ್ಟರೆ ಬೆಣ್ಣೆ, ಹಚ್ಚಿದರೆ ಉರಿಯಿಲ್ಲ, ಸೇಮಿ ನೆಕ್ಕಿದರೂ ಭಯವಿಲ್ಲ. ಕಡಲ ದಂಡೆಯಿಂದ ಆರಿಸಿ ತಂದ ಚಿಪ್ಪುಗಳಿಗೆ ತುಂಬಿಟ್ಟಿದ್ದಳು.

ಆ ಚಿಪ್ಪುಗಳೇ ಈಗ ಅತ್ತೆಯ ಬ್ಯಾಗಿನಲ್ಲಿ.

“ಮೂತಿ ಊದಿಸ್ಬೇಡ,” ಅಮ್ಮ ಸಮಾಧಾನ ಮಾಡಿದಳು. “ನಾಳೆ ಸೇಮಿ ಮಕ್ಕಳಿಗೆ ನೀನೇ ಸೋದರತ್ತೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಆಗ ಅವನ ಮನೆಯಿಂದ ಬೇಕಾದ್ದು ಹೊತ್ಕೊಂಡ್ಬಾ.”

“ನಾನು ಅಂಥ ಅತ್ತೆ ಆಗಲ್ಲ!” ಪಿಸಿಲಾ ಬ್ಯಾಗನ್ನು ನೆಲಕ್ಕೆ ಎಸೆದಳು.

ಚಿಕ್ಕಪ್ಪನ ಮನೆಗೆ ಓಡಿದಳು. “ಮೇಣ ಖಾಲಿ ಪುಟ್ಟಿ, ಇನ್ನು ಜೇನು ತೆಗೆದಾಗಲೇ,” ಎಂದ ಚಿಕ್ಕಪ್ಪ. ವಾಪಸ್ ಬಂದು ಪಾತ್ರೆಯ ತಳಕ್ಕೆ ಅಂಟಿದ್ದನ್ನು ಚಮಚದಿಂದ ಕೆರೆದಳು. ಸೇಮಿಯ ತುಟಿಗೆ ಎರಡು ಸಲ ಹಚ್ಚುವಷ್ಟು ಸಿಕ್ಕಿತು. ಶುಕ್ರವಾರಕ್ಕೆ ಅದೂ ಮುಗಿಯಿತು.

ಶನಿವಾರ ಅಪ್ಪ ನೆಲದಲ್ಲಿ ಗುಂಡಿ ತೋಡಿ ಮಾಡಿದ ಒಲೆಯಿಂದ ಬಿಸಿ ಬಿಸಿ ಅಡುಗೆ ತೆಗೆದ. ಕೆಸುವಿನೆಲೆಯಲ್ಲಿ ಸುತ್ತಿ ಬೇಯಿಸಿದ ಮಾಂಸದಲ್ಲಿ ಒಳ್ಳೆಯ ಪಾಲು ಬುಟ್ಟಿಗೆ ಹೋಯಿತು. ಒಳ್ಳೆಯ ಪಾಲು ಯಾರಿಗೆ ಎಂದು ಕೇಳುವುದೇ ಬೇಡ.

“ಅತ್ತೆ ಮನೆಗೆ ಕೊಟ್ಟು ಬಾ. ಮರ್ಯಾದೆಯಾಗಿ ಮಾತಾಡು,” ಎಂದ ಅಪ್ಪ.

“ಮಾತಾಡ್ತೀನಿ,” ಎಂದಳು ಪಿಸಿಲಾ. ದಾರಿಯುದ್ದಕ್ಕೂ ಮಾತುಗಳನ್ನು ಮಸೆಯುತ್ತಲೇ ಹೋದಳು. ಚಿಪ್ಪು ವಾಪಸ್ ಕೊಡಿ. ಅದು ನಿಮ್ಮದಲ್ಲ. ನಿಮಗೆ ನಾಚಿಕೆ ಆಗಲ್ವಾ?

ಅತ್ತೆಯ ಮನೆ ಬಾಗಿಲು ತೆರೆದಿತ್ತು. ಕಲೋ ಅತ್ತೆ ಕನ್ನಡಿಯ ಮುಂದೆ ಕೂತಿದ್ದರು. ಅವರ ಕೈಯಲ್ಲಿ ಯಾವಾಗಲೂ ಇರುವ ಬೀಸಣಿಗೆ ಇರಲಿಲ್ಲ. ಈಸ್ಟರ್ ಆದಮೇಲೆ ಅತ್ತೆ ಆ ಬೀಸಣಿಗೆಯನ್ನು ಮುಖಕ್ಕೆ ಹಿಡಿದೇ ಮಾತಾಡುತ್ತಿದ್ದರು. ಅದು ಅವರ ದೊಡ್ಡಸ್ತಿಕೆ ಎಂದು ಪಿಸಿಲಾ ತಿಳಿದಿದ್ದಳು.

ಕನ್ನಡಿಯಲ್ಲಿ ಅತ್ತೆಯ ತುಟಿ ಕಂಡಿತು. ಊದಿ, ಸಿಪ್ಪೆ ಎದ್ದು, ಸೀಳಿದ ತುಟಿ. ಥೇಟ್ ಸೇಮಿಯ ತುಟಿ.

ಅತ್ತೆ ಚಿಪ್ಪಿನಿಂದ ಒಂದು ಚೂರು ತೆಗೆದು, ಕಣ್ಣು ಮುಚ್ಚಿ, ಮೆಲ್ಲಗೆ ಹಚ್ಚಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಗುಲಾಬಿ ಟ್ಯೂಬ್ ಇತ್ತು, ಕೊನೆಯತನಕ ಹಿಂಡಿದ್ದು.

ಬುಟ್ಟಿ ಕಿರ್ ಎಂದಿತು. ಅತ್ತೆ ಥಟ್ಟನೆ ಬೀಸಣಿಗೆ ಎತ್ತಿಕೊಂಡರು. “ಏನೇ, ಕೂಗಿ ಒಳಗೆ ಬರೋಕಾಗಲ್ವಾ? ಏನು ನೋಡ್ತಿದ್ದೀಯ?”

ಮಸೆದಿಟ್ಟ ಮಾತೆಲ್ಲ ಎಲ್ಲಿಗೋ ಹೋಯಿತು. ಬೇರೆ ಮಾತು ಬಾಯಿಗೆ ಬಂತು.

“ಆ ಟ್ಯೂಬ್ ಹಚ್ಬೇಡಿ ಅತ್ತೆ. ಅದರಿಂದಾನೇ ಹೀಗಾಗಿರೋದು. ಸೇಮಿಗೂ ಹೀಗೇ ಆಗಿದೆ. ನರ್ಸ್ ಬಿಡ್ಸಿ ಅಂದ್ರು.”

“ಸೇಮಿಗಾ? ಅವನು ನಾನು ಬಂದಾಗೆಲ್ಲ ಹಚ್ಕೊಂಡೇ ಇರ್ತಾನಲ್ಲ? ತುಟಿ ಕೆಂಪಗಿರೋದು ಅದರ ಬಣ್ಣ ಅಂದ್ಕೊಂಡಿದ್ದೆ.”

“ನೀವು ಬಂದಾಗ ಮಾತ್ರ. ಅಮ್ಮ ಹಚ್ತಾಳೆ. ಅವನಿಗೆ ಉರಿಯುತ್ತೆ, ಅಳ್ತಾನೆ. ಆದ್ರೂ ಹಚ್ತಾಳೆ. ನಿಮಗೆ ಬೇಜಾರಾಗುತ್ತೆ ಅಂತ!”

ಬೀಸಣಿಗೆ ಅಲುಗಾಡಲಿಲ್ಲ. ಅತ್ತೆ ಇನ್ನೊಂದು ಕೈಯಿಂದ ಗುಲಾಬಿ ಟ್ಯೂಬನ್ನು ದೂರ ಸರಿಸಿದರು.

“ನಂಗೆ ಯಾರೂ ಹೇಳ್ಲೇ ಇಲ್ಲ,” ಎಂದರು ಕೊನೆಗೆ.

“ನಿಮಗೆ ಯಾರು ಹೇಳ್ತಾರೆ ಅತ್ತೆ?”

ಸೋದರತ್ತೆಗೆ ಹೀಗೆ ಎದುರು ನಿಂತು ಮಾತಾಡಿದವರು ಮನೆತನದಲ್ಲೇ ಯಾರೂ ಇರಲಿಲ್ಲ.

“ಬುಟ್ಟಿ ಅಲ್ಲಿಟ್ಟು ಮನೆಗೆ ಹೋಗು,” ಎಂದರು ಅತ್ತೆ. ಚಿಪ್ಪು ವಾಪಸ್ ಕೊಡಲಿಲ್ಲ. ಪಿಸಿಲಾ ಕೇಳಲೂ ಇಲ್ಲ.

ಭಾನುವಾರ ಬೆಳಿಗ್ಗೆ ಸೇಮಿ ಬಿಳಿ ಅಂಗಿ ಹಾಕಿ, ಸೊಂಟಕ್ಕೆ ಹಬ್ಬದ ಉಡುಗೆಯಾದ ಪುಟ್ಟ ಚಾಪೆ ಸುತ್ತಿಕೊಂಡು ತಯಾರಾದ. ಅಷ್ಟರಲ್ಲಿ ಅಮ್ಮ ಕಪಾಟಿನ ಮೇಲಿಂದ ಗುಲಾಬಿ ಟ್ಯೂಬ್ ಇಳಿಸಿದಳು. ಸೇಮಿ ಬಾಯಿ ಬಿಗಿಹಿಡಿದ.

ಪಿಸಿಲಾ ಟ್ಯೂಬನ್ನು ಕಸಿದುಕೊಂಡಳು. “ಇವತ್ತೂ ಹಚ್ತೀಯಾ? ಇವತ್ತೂನಾ?”

“ಅತ್ತೆ ಮುಂದಿನ ಬೆಂಚಲ್ಲೇ ಕೂತಿರ್ತಾರೆ ಕಣೆ! ಕೊಡು ಇಲ್ಲಿ!”

“ಕೊಡಲ್ಲ. ಅತ್ತೆಗೆ ನಾನೇ ಹೇಳ್ದೆ.”

ಅಮ್ಮನ ಮುಖ ಬೆಳ್ಳಗಾಯಿತು. “ಏನು... ಏನು ಹೇಳ್ದೆ?”

“ಎಲ್ಲಾ.”

ಅಷ್ಟರಲ್ಲಿ ಚರ್ಚಿನ ಗಂಟೆ ಹೊಡೆಯಿತು. ಬೈಯಲು ಕೂಡ ಅಮ್ಮನಿಗೆ ಸಮಯವಿರಲಿಲ್ಲ.

ಚರ್ಚ್ ತುಂಬಿತ್ತು. ಕಲೋ ಅತ್ತೆ ಮುಂದಿನ ಬೆಂಚಿನಲ್ಲಿ ಬೀಸಣಿಗೆ ಹಿಡಿದು ಕೂತಿದ್ದರು. ಅಪ್ಪ, ಅಮ್ಮ, ಪಿಸಿಲಾ ಹಿಂದೆ ಕೂತರು. ಅಮ್ಮ ಅತ್ತ ನೋಡಲೇ ಇಲ್ಲ.

ಸೇಮಿಯ ಹೆಸರು ಕರೆದರು. ಅವನು ಎದ್ದು ಮುಂದೆ ಹೋಗಿ ನಿಂತ. ಮೊದಲ ಮಾತಿಗೆ ಬಾಯಿ ತೆರೆದ. ಮುಖ ಕಿವುಚಿದ. ಬಾಯಿ ಮುಚ್ಚಿದ. ಮತ್ತೆ ತೆರೆದ. ಸೀಳಿನಲ್ಲಿ ಕೆಂಪಗೆ ರಕ್ತ ಜಿನುಗಿತು. ಯಾರೋ ಹುಡುಗರು ಕಿಸಕ್ಕೆಂದರು. ಪಿಸಿಲಾ ಅವರ ಕಡೆ ತಿರುಗಿ ಕಣ್ಣಲ್ಲೇ ಸುಟ್ಟಳು.

ಮುಂದಿನ ಬೆಂಚಿನಲ್ಲಿ ಕಲೋ ಅತ್ತೆ ಎದ್ದರು.

ಬೀಸಣಿಗೆಯನ್ನು ಬೆಂಚಿನ ಮೇಲೆ ಇಟ್ಟರು. ಎಲ್ಲರಿಗೂ ಅವರ ತುಟಿ ಕಂಡಿತು. ಹೆಂಗಸರ ಸಾಲಿನಲ್ಲಿ ಗುಸುಗುಸು ಎದ್ದಿತು. ಅತ್ತೆ ಯಾರನ್ನೂ ನೋಡಲಿಲ್ಲ. ಸೇಮಿಯ ಮುಂದೆ ಮಂಡಿಯೂರಿ, ಬ್ಯಾಗಿನಿಂದ ಚಿಪ್ಪು ತೆಗೆದು, ಕಿರುಬೆರಳಿನಿಂದ ಅವನ ತುಟಿಗೆ ಹಚ್ಚಿದರು. ಮೇಲಿನ ತುಟಿಗೆ, ಕೆಳಗಿನ ತುಟಿಗೆ, ಬಾಯಿಯ ಮೂಲೆಗಳಿಗೆ.

“ಈಗ ಹೇಳು, ರಾಜ. ಅವಸರ ಇಲ್ಲ,” ಎಂದರು.

ಸೇಮಿ ಹೇಳಿದ. ಮೊದಲ ಸಾಲು ಮೆಲ್ಲಗೆ, ಎರಡನೆಯದು ಸ್ವಲ್ಪ ಜೋರಾಗಿ. ಮೂರು, ನಾಲ್ಕನೆಯ ಸಾಲುಗಳನ್ನು ಸಮುದ್ರಕ್ಕೆ ಹೇಳುವ ಹಾಗೆ ಕೂಗಿದ. ಇಡೀ ಚರ್ಚು ಭೇಷ್ ಎಂದಿತು. ಅಪ್ಪ ಮೂಗು ಒರೆಸಿಕೊಂಡ.

‘ಐದು ಚಿಪ್ಪು ಎತ್ಕೊಂಡು ಹೋಗಿ ಒಂದು ಬೆರಳಷ್ಟು ವಾಪಸ್ಸು!’ ಎಂದುಕೊಂಡಳು ಪಿಸಿಲಾ. ಕೋಪ ಇನ್ನೂ ಇತ್ತು. ಆದರೆ ಅತ್ತೆ ಬೆಂಚಿಗೆ ಮರಳಿ ಕೂತು, ಬೀಸಣಿಗೆಯನ್ನು ಮತ್ತೆ ಎತ್ತಿಕೊಳ್ಳದೆ ಇದ್ದದ್ದನ್ನೂ ಅವಳು ನೋಡಿದಳು.

ಸೋಮವಾರ ಸಂಜೆ ಕಲೋ ಅತ್ತೆ ಮನೆಗೆ ಬಂದರು. ಅಪ್ಪ ಎಂದಿನಂತೆ ಅಂಗಳಕ್ಕೆ ಹೋದ. ಅತ್ತೆ ಬ್ಯಾಗಿನಿಂದ ಕಾಯಿಯ ಗಾತ್ರದ ಮೇಣದ ಉಂಡೆ ತೆಗೆದು ಚಾಪೆಯ ಮೇಲಿಟ್ಟರು.

“ಎಲ್ಲಿ ಸಿಕ್ತು ಅತ್ತೆ? ಚಿಕ್ಕಪ್ಪ ಖಾಲಿ ಅಂದ್ರು!”

“ವಿಲಿಯಮಿ ನಂಗೂ ತಮ್ಮನೇ,” ಎಂದರು ಅತ್ತೆ. “ಅವನ ಮನೇಲಿ ಏನು ಎಲ್ಲಿರುತ್ತೆ ಅಂತ ನಂಗೆ ಗೊತ್ತಿಲ್ವಾ?”

ಆಮೇಲೆ ಅಮ್ಮನ ಕಡೆ ತಿರುಗಿದರು. ಅಮ್ಮ ತಲೆ ತಗ್ಗಿಸಿದಳು. “ಆ ಟ್ಯೂಬ್ ಎಸೆದ್ಬಿಡು ತಾಯಿ,” ಎಂದರು. ಅಷ್ಟೇ. ಬಯ್ಯಲಿಲ್ಲ.

ಪಿಸಿಲಾ ಒಲೆ ಹಚ್ಚಿದಳು. ಎಣ್ಣೆ ಬಿಸಿಯಾಯಿತು, ಮೇಣ ಕರಗಿತು. ಸೇಮಿ ದಂಡೆಯಿಂದ ಹೊಸ ಚಿಪ್ಪುಗಳನ್ನು ಆರಿಸಿ, ತೊಳೆದು ತಂದ. ತುಂಬಿದ ಚಿಪ್ಪುಗಳು ಕಿಟಕಿಯ ಹತ್ತಿರ ಸಾಲಾಗಿ ಕೂತವು.

ಅತ್ತೆ ಎದ್ದು ಬಂದರು. ಕೈ ಅಭ್ಯಾಸದಂತೆ ಸೀದಾ ಚಿಪ್ಪಿನ ಕಡೆ ಹೋಯಿತು. ಪಿಸಿಲಾ ಹಲ್ಲು ಕಚ್ಚಿದಳು.

ಕೈ ಅರ್ಧದಲ್ಲೇ ನಿಂತಿತು.

“ಪಿಸಿಲಾ,” ಎಂದರು ಅತ್ತೆ. ಕೇಳಿ ಅಭ್ಯಾಸವಿಲ್ಲದವರಂತೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. “ಒಂದು... ಒಂದು ತಗೊಳ್ಳಲಾ?”

ಅಮ್ಮನ ಕೈಯಿಂದ ಸೌಟು ಕೆಳಗೆ ಬಿತ್ತು. ಅಂಗಳದಲ್ಲಿ ಅಪ್ಪ ಸೌದೆ ಒಡೆಯುವುದನ್ನು ನಿಲ್ಲಿಸಿದ.

ಪಿಸಿಲಾ ಅತ್ತೆಯ ತುಟಿ ನೋಡಿದಳು. ಅದು ಇನ್ನೂ ವಾಸಿಯಾಗಿರಲಿಲ್ಲ. ಇಷ್ಟು ದಿನ ಊರೆಲ್ಲ ಸುತ್ತಿದರೂ, ಎಲ್ಲರ ಮನೆಯಲ್ಲಿ ಒಳ್ಳೆಯ ಪಾಲು ತಿಂದರೂ, ಆ ಬೀಸಣಿಗೆಯ ಹಿಂದೆ ಏನಾಗಿದೆ ಎಂದು ಒಬ್ಬರೂ ಕೇಳಿರಲಿಲ್ಲ.

“ಕೂತ್ಕೊಳ್ಳಿ ಅತ್ತೆ,” ಎಂದಳು. “ಇನ್ನೂ ಗಟ್ಟಿಯಾಗಿಲ್ಲ. ಈಗ ಮುಟ್ಟಿದ್ರೆ ಹಾಳಾಗುತ್ತೆ.”

ಕಲೋ ಅತ್ತೆ ಕೂತರು. ತಮ್ಮನ ಮನೆಯಲ್ಲಿ, ಚಾಪೆಯ ಮೇಲೆ, ಚಿಪ್ಪು ಆರುವುದನ್ನೇ ಕಾಯುತ್ತಾ ಕೂತರು.

ಸೇಮಿ ಮೆಲ್ಲಗೆ ಬೆರಳು ಚಾಚಿದ. ಪಿಸಿಲಾ ಅವನ ಕೈಗೆ ಒಂದು ಏಟು ಕೊಟ್ಟು, ಅವನ ಕಿವಿಯ ಹತ್ತಿರ ಬಗ್ಗಿದಳು.

“ನೋಡೋ, ನಾನು ದೊಡ್ಡ ಅತ್ತೆ ಆದಾಗ, ನನ್ನ ತುಟಿ ಸೀಳಿದ್ರೆ ನಿನ್ನ ಮಕ್ಕಳು ನಂಗೆ ಹೇಳ್ಬೇಕು. ಹೇಳಿಸ್ತೀಯಾ?”

“ನೀನು ಬೈಯಲ್ಲ ತಾನೇ?” ಎಂದ ಸೇಮಿ.

ಪಿಸಿಲಾ ಸ್ವಲ್ಪ ಹೊತ್ತು ಯೋಚಿಸಬೇಕಾಯಿತು.